ಆ ಪೆಟ್ಟಿಗೆಯ ಬಗ್ಗೆ ಬಾಯಿ ಬಿಡಬೇಡ

ಧಾರವಾಡ

ಚಿರಂಜೀವಿ ಬಸುವಿಗೆ ನಿನ್ನ ಕಾಕಾನ ಆಶೀರ್ವಾದ.

ನಾವೆಲ್ಲ ಆರಾಮ ಇದ್ದೇವೆ. ನಿನ್ನ ಉದ್ದ ಮೆಸೇಜ್ ಓದಿದೆ. ನಿನ್ನ ಆ್ಯಪ್‌ನ ಐಡಿಯಾಕ್ಕೆ ಪೇಟೆಂಟ್, ಅಂದರೆ ಬೇರೆಯವರು ನಕಲು ಮಾಡದ ಹಾಗೆ ಸರ್ಕಾರ ಕೊಡುವ ಹಕ್ಕು, ಮಾಡಿಸಲೇ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಓಣಿಯ ಮನೆಗಳು ಸೇರಿ ಆ್ಯಪ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿ ಬುಕ್ ಮಾಡುವುದು, ಮನೆ ಕೂಡಿದಷ್ಟೂ ರೇಟ್ ಇಳಿಯುವುದು, ಮಾಲು ರೈತನ ಮನೆಯಿಂದಲೇ ಹೊರಡುವುದು. ಐಡಿಯಾ ಚೆನ್ನಾಗಿದೆ. ಆದರೆ ನಮ್ಮ ದೇಶದಲ್ಲಿ ಇದಕ್ಕೆ ಪೇಟೆಂಟ್ ಸಿಗುವುದಿಲ್ಲ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ತೆಗೆದು ನೋಡು. ಗಣಿತದ ವಿಧಾನ, ವ್ಯಾಪಾರದ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಂ, ಅಲ್ಗಾರಿದಂ (ಲೆಕ್ಕ ಬಿಡಿಸುವ ಹಂತಗಳು) ಇವು ಯಾವುವೂ ಪೇಟೆಂಟ್‌ಗೆ ಬರುವುದಿಲ್ಲ ಅಂತ ಬರೆದಿದೆ. ವ್ಯಾಪಾರ ಅಂಗಡಿಯಲ್ಲಿ ಮಾಡಿದರೂ ಅಷ್ಟೇ, ಆನ್‌ಲೈನ್ ಮಾಡಿದರೂ ಅಷ್ಟೇ.

ಅಮೆಜಾನ್‌ಗೆ ಸಿಕ್ಕಿತ್ತಲ್ಲ ಅಂತ ಕೇಳಿದ್ದೀಯ. ಸಿಕ್ಕಿತ್ತು, ಅಮೆರಿಕದಲ್ಲಿ. ಒಂದೇ ಕ್ಲಿಕ್ಕಿನಲ್ಲಿ ಖರೀದಿ ಮಾಡುವ ವಿಧಾನಕ್ಕೆ 1999ರಲ್ಲಿ ಕೊಟ್ಟರು. ಆಪಲ್ ಕೂಡ ಅದಕ್ಕೆ ಲೈಸೆನ್ಸ್ ತಗೊಂಡಿತ್ತು. 2017ಕ್ಕೆ ಅದರ ಅವಧಿ ಮುಗಿಯಿತು. ಅದಕ್ಕೂ ಮೊದಲೇ, 2014ರಲ್ಲಿ, ಅಲ್ಲಿನ ಸುಪ್ರೀಂ ಕೋರ್ಟ್ ಇಂಥವುಗಳ ಮೇಲೆ ಹಗ್ಗ ಬಿಗಿದಿದೆ. ನಿನ್ನ ಗಿರಾಕಿ ಇರುವುದು ಹಾವೇರಿ, ಹುಬ್ಬಳ್ಳಿಯಲ್ಲಿ. ಅಮೆರಿಕದ ಮಾತು ಬಿಡು.

ಯಾರೋ ಏಜೆಂಟ್ 'ಪೇಟೆಂಟ್ ಮಾಡಿಸಿಕೊಡುತ್ತೇನೆ' ಅಂತ ದೊಡ್ಡ ಮೊತ್ತ ಕೇಳಿದ್ದಾನಂತೆ. ಅರ್ಜಿ ಹಾಕಿದ ಮಾತ್ರಕ್ಕೆ ಪೇಟೆಂಟ್ ಸಿಕ್ಕ ಹಾಗಲ್ಲ. ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ ಸರ್ಕಾರದ ಫೀ 1,600 ರೂಪಾಯಿಯಿಂದ ಶುರು. ಅರ್ಜಿ ನಂಬರ್ ತೋರಿಸಿ ಪೇಟೆಂಟ್ ಆಯಿತು ಅನ್ನುವ ಜನ ಇದ್ದಾರೆ. ರೊಕ್ಕ ಕೊಡಬೇಡ.

ಈಗ ನನಗೆ ನಿದ್ದೆ ಕೆಡಿಸಿದ ವಿಷಯ. ಮೆಸೇಜಿನ ಕೊನೆಗೆ, ಸುಮ್ನೆ ಹೇಳಿದ ಹಾಗೆ, ನಿನ್ನ ಗೆಳೆಯ ಮಾಡಿದ, ಮೆಣಸಿನಕಾಯಿಯ ಬಣ್ಣ ಅಳೆಯುವ ಪೆಟ್ಟಿಗೆಯ ಬಗ್ಗೆ ಬರೆದಿದ್ದೀಯ. ಅಲ್ಲೋ ಹುಚ್ಚಪ್ಪಾ, ಅಸಲು ಮಾಲು ಅದೇ! ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ರೇಟ್ ನಿಲ್ಲುವುದು ಬಣ್ಣದ ಮೇಲೆ. ಲ್ಯಾಬಿನಲ್ಲಿ ಕಾಯಿ ಪುಡಿ ಮಾಡಿ, ಅಸಿಟೋನ್‌ನಲ್ಲಿ ಬಣ್ಣ ಬಿಡಿಸಿ ಅಳೆಯುತ್ತಾರೆ. ಮಾರ್ಕೆಟ್‌ನಲ್ಲಿ ಖರೀದಿದಾರ ಚೀಲ ಬಿಚ್ಚಿ, ಒಂದು ಹಿಡಿ ಎತ್ತಿ, ಕಾಯಿ ಮುರಿದು ನೋಡಿ ಕಣ್ಣಳತೆಯಲ್ಲೇ ರೇಟ್ ಹೇಳುತ್ತಾನೆ. ತೇವ ಇದ್ದರೆ ಬಣ್ಣ ಗಾಢವಾಗಿ ಕಂಡು ಕಣ್ಣಿಗೆ ಮೋಸ. ನಿನ್ನ ಗೆಳೆಯನ ಪೆಟ್ಟಿಗೆ ಒಂದು ದೀಪದಿಂದ ಬಣ್ಣ, ಇನ್ನೊಂದು ದೀಪದಿಂದ ತೇವ ನೋಡಿ, ತೇವದ ಪಾಲು ಕಳೆದು ಬಣ್ಣ ಹೇಳುತ್ತದೆ ಅಂದೆಯಲ್ಲ, ಅದೂ ಇಡೀ ಕಾಯಿಯನ್ನೇ ಇಟ್ಟು? ಅದು ವ್ಯಾಪಾರದ ವಿಧಾನ ಅಲ್ಲ, ಯಂತ್ರ. ಒಳಗೆ ಪ್ರೋಗ್ರಾಂ ಇದೆ ಅಂತ ಹೆದರಬೇಡ. ಪ್ರೋಗ್ರಾಂನಿಂದ ತಾಂತ್ರಿಕ ಪರಿಣಾಮ ಆಗುತ್ತಿದ್ದರೆ ಬಾಗಿಲು ಮುಚ್ಚಿಲ್ಲ ಅಂತ ದಿಲ್ಲಿ ಹೈಕೋರ್ಟ್ 2019ರಲ್ಲಿ ಹೇಳಿದೆ. ಆದರೆ ಇಂಥದ್ದನ್ನು ಬೇರೆಯವರು ಮೊದಲೇ ಮಾಡಿರಬಾರದು. ಪೇಟೆಂಟ್ ಆಫೀಸಿನ ವೆಬ್‌ಸೈಟ್‌ನಲ್ಲಿ ಹುಡುಕುವುದು ಪುಕ್ಕಟೆ. ಇವತ್ತೇ ಶುರು ಮಾಡು.

ಮುಂದಿನ ತಿಂಗಳು ಹುಬ್ಬಳ್ಳಿಯ ಕಾಲೇಜಿನ ಪ್ರದರ್ಶನದಲ್ಲಿ ಅದನ್ನು ಇಡುತ್ತೇವೆ ಅಂದೆಯಲ್ಲ, ಅದಕ್ಕೂ ಮೊದಲು ಅರ್ಜಿ ಬೀಳಬೇಕು. ಜನರ ಮುಂದೆ ಬಿಚ್ಚಿ ತೋರಿಸಿದರೆ ಅದು ಹೊಸದು ಅನ್ನುವ ಹಕ್ಕೇ ಹೋಗುತ್ತದೆ. ಸರ್ಕಾರ ಗೆಜೆಟ್‌ನಲ್ಲಿ ಹೇಳಿದ ಪ್ರದರ್ಶನಗಳಿಗೆ ರಿಯಾಯಿತಿ ಉಂಟು, ಕಾಲೇಜಿನದಕ್ಕೆ ಅದನ್ನು ನಂಬಿ ಕೂರಬೇಡ. ಪೂರ್ತಿ ತಯಾರಿ ಇಲ್ಲದಿದ್ದರೆ ಪ್ರಾವಿಷನಲ್, ಅಂದರೆ ತಾತ್ಕಾಲಿಕ, ಅರ್ಜಿ ಹಾಕಿ. ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಪೇಟೆಂಟ್ ಬಂದರೆ ಅರ್ಜಿಯ ದಿನದಿಂದ 20 ವರ್ಷ. ಅಲ್ಲಿಯವರೆಗೆ ಸ್ಟೇಟಸ್‌ನಲ್ಲಿ ಫೋಟೋ ಬೇಡ. ಯಾರಿಗಾದರೂ ತೋರಿಸಲೇಬೇಕಾದರೆ ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿಸಿ ತೋರಿಸಿ.

ಇನ್ನೊಂದು ಮಾತು, ಸಿಟ್ಟಾಗಬೇಡ. ಪೆಟ್ಟಿಗೆ ಮಾಡಿದವನು ಅವನು. ಇನ್ವೆಂಟರ್ (ಕಂಡುಹಿಡಿದವನು) ಅಂತ ಅವನ ಹೆಸರೇ ಬರಬೇಕು. ನಿನಗೂ ಪಾಲು ಬೇಕಾದರೆ ಈಗಲೇ ಕಾಗದದ ಮೇಲೆ ಬರೆದುಕೊಳ್ಳಿ. ಆ್ಯಪ್ ಬರೆದ ಹುಡುಗನ ಜೊತೆಗೂ ಹಾಗೇ. ಅವನು ನಿನ್ನ ನೌಕರ ಅಲ್ಲ, ಹೊರಗಿನವನು. ಬರಹದಲ್ಲಿ ನಿನಗೆ ಬಿಟ್ಟುಕೊಡದಿದ್ದರೆ ಕೋಡ್‌ನ ಕಾಪಿರೈಟ್ ಅವನದೇ. ನೀನು ರೊಕ್ಕ ಕೊಟ್ಟಿದ್ದರೂ ಅಷ್ಟೇ.

ಆ್ಯಪ್‌ನ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸು, ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಹಾಕಿದರೆ 4,500 ರೂಪಾಯಿ ಫೀ, 10 ವರ್ಷಕ್ಕೊಮ್ಮೆ ನವೀಕರಣ. ಆದರೆ ನೀನಿಟ್ಟ ಹೆಸರಲ್ಲಿ 'ಬ್ಯಾಡಗಿ' ಇದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಟ್ಯಾಗ್, ಅಂದರೆ ಆ ಸೀಮೆಯ ಮಾಲಿಗೆ ಮಾತ್ರ ಆ ಹೆಸರು ಅನ್ನುವ ಗುರುತು, ಬಂದಿದೆ. ಊರಿನ ಹೆಸರನ್ನು ನಿನ್ನೊಬ್ಬನ ಸ್ವತ್ತು ಮಾಡಿಕೊಳ್ಳಲು ಬಿಡುವುದಿಲ್ಲ. ಬೇರೆ ಹೆಸರು ಹುಡುಕು.

ಈ ಭಾನುವಾರ ಗೆಳೆಯನನ್ನು ಕರೆದುಕೊಂಡು ಬಾ. ಪೆಟ್ಟಿಗೆ ತರಬೇಡ, ಬಸ್ಸಿನಲ್ಲಿ ಎಲ್ಲರೂ ಏನದು ಏನದು ಅಂತ ಕೇಳುತ್ತಾರೆ, ನಿನಗೆ ಹೇಳದೆ ಇರಲಿಕ್ಕೆ ಆಗುವುದಿಲ್ಲ. ಚಿತ್ರ ಬರೆದ ನೋಟ್‌ಬುಕ್ ಸಾಕು. ಪೇಟೆಂಟ್ ಕೆಲಸ ಬಲ್ಲ ವಕೀಲರೊಬ್ಬರು ನನಗೆ ಗೊತ್ತು, ಅವರನ್ನೂ ಮನೆಗೆ ಕರೆದಿರುತ್ತೇನೆ. ನಿನ್ನ ಕಾಕು ಬ್ಯಾಡಗಿಯಲ್ಲೇ ಡಬ್ಬಿ ಜಾತಿಯ ಕಾಯಿ ಎರಡು ಕಿಲೋ ತರಲು ಹೇಳಿದ್ದಾಳೆ.

ಇಂತಿ,
ನಿನ್ನ ಕಾಕಾ