‘ಕುಲಗೆಟ್ಟ ಕಲೆ’ಯ ಕಥೆ ಬೇರೆ, ಅಜ್ಜ–ಅಜ್ಜಿಯ ದೀಕ್ಷಾಸ್ನಾನದ ಪತ್ರದ ಕಥೆ ಬೇರೆ

ಮಾನ್ಯರೇ,

ಹಿಟ್ಲರನ ಕಾಲದ ಜರ್ಮನಿಯ ಕಲಾಜಗತ್ತಿನ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಕನ್ನಡಕ್ಕೆ ಬೇಕಾಗಿದ್ದಂಥದ್ದು. ಆದರೆ 1937ರ ಮ್ಯೂನಿಕ್ ಪ್ರದರ್ಶನವನ್ನು ಯೆಹೂದಿ ಕಲಾವಿದರನ್ನು ಹೀಯಾಳಿಸಲು ನಡೆಸಿದ ಪ್ರದರ್ಶನ ಎಂದು ಅದರಲ್ಲಿ ಹೇಳಲಾಗಿದೆ. ಇದು ಆ ಲೇಖಕರೊಬ್ಬರ ತಪ್ಪಲ್ಲ. ಪಠ್ಯಪುಸ್ತಕಗಳಲ್ಲೂ ಭಾಷಣಗಳಲ್ಲೂ ಹೀಗೇ ಹೇಳುವುದು ರೂಢಿಯಾಗಿಬಿಟ್ಟಿದೆ. ಹಾಗೆ ಬಿಟ್ಟರೆ, ಯೆಹೂದಿ ಕಲಾವಿದರನ್ನು ನಿಜವಾಗಿ ಹೊರಹಾಕಿದ ಕ್ರಮ ಯಾವುದು ಎಂಬುದೇ ಮರೆಯಾಗುತ್ತದೆ. ಅದಕ್ಕಾಗಿ ಈ ಪತ್ರ.

ಪ್ರದರ್ಶನದ ಹೆಸರು ‘ಎಂಟಾರ್ಟೆಟೆ ಕುನ್ಸ್ಟ್’. ‘ಕುಲಗೆಟ್ಟ ಕಲೆ’ ಎಂದರೆ ಆ ಮಾತಿನ ವಿಷ ಕನ್ನಡದಲ್ಲಿ ಸರಿಯಾಗಿ ಇಳಿಯುತ್ತದೆ. ಅದು ತೆರೆದದ್ದು 1937ರ ಜುಲೈ 19ರಂದು. ಸರ್ಕಾರ ಮೆಚ್ಚಿದ ಕಲೆಯ ಮಹಾಪ್ರದರ್ಶನ ಅದೇ ಊರಿನಲ್ಲಿ ಹಿಂದಿನ ದಿನವಷ್ಟೇ ಶುರುವಾಗಿತ್ತು. 32 ಮ್ಯೂಸಿಯಂಗಳಿಂದ ತಂದ ಸುಮಾರು 650 ಕೃತಿಗಳನ್ನು ಅಲ್ಲಿ ಒತ್ತೊತ್ತಾಗಿ ತೂಗುಹಾಕಿ, ಗೋಡೆಯ ಮೇಲೆ ಬೈಗುಳ ಬರೆದಿದ್ದರು. ಕಲಾವಿದರು 112 ಮಂದಿ. ಅವರಲ್ಲಿ ಯೆಹೂದಿಗಳು ಆರೇ ಜನ: ಮಾರ್ಕ್ ಶಗಾಲ್, ಯಾಂಕೆಲ್ ಆಡ್ಲರ್, ಒಟ್ಟೊ ಫ್ರಾಯ್ಂಡ್‌ಲಿಶ್, ಲುಡ್ವಿಗ್ ಮೈಡ್ನರ್, ಹಾನ್ಸ್ ಫೈಬುಶ್ ಮತ್ತು ಗೆರ್ಟ್ ವೋಲ್‌ಹೈಮ್. ಮ್ಯೂಸಿಯಂಗಳಿಂದ ಅತಿ ಹೆಚ್ಚು ಕೃತಿಗಳನ್ನು, ಅಂದರೆ 1,052 ಕೃತಿಗಳನ್ನು, ಕಳೆದುಕೊಂಡ ಚಿತ್ರಕಾರ ಎಮಿಲ್ ನೋಲ್ಡೆ ಯೆಹೂದಿಯಲ್ಲ; ನಾಜಿ ಪಕ್ಷದ ಸದಸ್ಯರು, ಯೆಹೂದಿಗಳನ್ನು ದ್ವೇಷಿಸುತ್ತಿದ್ದವರು.

ಮೊದಲ ಕೋಣೆಯಲ್ಲಿದ್ದದ್ದು ಕ್ರೈಸ್ತ ವಸ್ತುವಿನ ಚಿತ್ರಗಳು. ಕ್ರಿಸ್ತನ ಬದುಕಿನ ಮೇಲೆ ನೋಲ್ಡೆ ಬರೆದ ಒಂಬತ್ತು ಭಾಗಗಳ ಚಿತ್ರವನ್ನು ದೇವನಿಂದೆಯ ಮಾದರಿ ಎಂದು ಅಲ್ಲಿ ತೋರಿಸಿದರು. ಲ್ಯೂಬೆಕ್‌ನ ದೊಡ್ಡ ಚರ್ಚಿನಲ್ಲಿದ್ದ, ಲುಡ್ವಿಗ್ ಗೀಸ್ ಕೆತ್ತಿದ ಶಿಲುಬೆಯನ್ನೂ ಹೀಗೆಯೇ ಇಟ್ಟರು. ಯೆಹೂದಿ ಕಲಾವಿದರಿಗೆಂದು ಮೀಸಲಿಟ್ಟದ್ದು ಅದರ ಪಕ್ಕದ ಒಂದು ಕೋಣೆ. ಅಂದರೆ ಈ ಪ್ರದರ್ಶನ ಹೊಡೆದದ್ದು ಮುಖ್ಯವಾಗಿ ಒಂದು ಶೈಲಿಯನ್ನು. ಕೃತಿ ಹೇಗಿದೆ ಎಂದು ನೋಡಿ ಕೊಟ್ಟ ಶಿಕ್ಷೆ ಅದು.

ಕೃತಿಯನ್ನು ನೋಡದೆಯೇ ಮನುಷ್ಯನನ್ನು ತೆಗೆದುಹಾಕುವ ಕೆಲಸ ನಾಲ್ಕು ವರ್ಷ ಮೊದಲೇ ಶುರುವಾಗಿತ್ತು. 1933ರ ಏಪ್ರಿಲ್ 7ರ ಸರ್ಕಾರಿ ನೌಕರಿ ಕಾಯ್ದೆಯ 3ನೇ ಕಲಂ ‘ಆರ್ಯೇತರ’ರನ್ನು ನಿವೃತ್ತಿಗೊಳಿಸಲು ಹೇಳಿತು. ನಾಲ್ಕು ದಿನಗಳ ನಂತರ ಬಂದ ನಿಯಮ ಅದರ ಅರ್ಥವನ್ನು ಬಿಡಿಸಿತು: ಅಪ್ಪ–ಅಮ್ಮನ ಹೆತ್ತವರು ನಾಲ್ವರಲ್ಲಿ ಒಬ್ಬರು ಆರ್ಯೇತರರಾದರೂ ಸಾಕು, ಆ ಒಬ್ಬರು ಯೆಹೂದಿ ಧರ್ಮದವರಾಗಿದ್ದರೆ ಬೇರೆ ವಿಚಾರಣೆಯೇ ಬೇಡ. ಜರ್ಮನಿಯ ಹೆಚ್ಚಿನ ಒಪೆರಾ ಮನೆಗಳು, ಕಲಾ ಅಕಾಡೆಮಿಗಳು, ಮ್ಯೂಸಿಯಂಗಳು ಸರ್ಕಾರದ ಅಥವಾ ನಗರಸಭೆಯ ಸಂಬಳದಲ್ಲಿ ನಡೆಯುತ್ತಿದ್ದವು. ಹಾಗಾಗಿ ಗುಮಾಸ್ತರಿಗೆ ಬರೆದಂತೆ ಕಾಣುವ ಕಾಯ್ದೆಯೊಂದು ವಾದ್ಯಗಾರರನ್ನೂ ಬೋಧಕರನ್ನೂ ಮನೆಗೆ ಕಳಿಸಿತು. ಯೆಹೂದಿ ಕುಟುಂಬದಲ್ಲಿ ಹುಟ್ಟಿದ ವಾದ್ಯವೃಂದ ನಿರ್ದೇಶಕ ಆಟೊ ಕ್ಲೆಂಪರರ್ 1919ರಲ್ಲಿ ಕ್ಯಾಥೊಲಿಕ್ ಆಗಿದ್ದರು. ಹಾಗೆಯೇ ಯೆಹೂದಿಯಾಗಿ ಹುಟ್ಟಿದ ಸಂಗೀತ ರಚನೆಕಾರ ಆರ್ನಾಲ್ಡ್ ಶೋನ್‌ಬರ್ಗ್ 1898ರಿಂದ ಪ್ರಾಟೆಸ್ಟಂಟ್. ಇಬ್ಬರೂ ಬರ್ಲಿನ್ನಿನ ಹುದ್ದೆ ಕಳೆದುಕೊಂಡರು. ಶೋನ್‌ಬರ್ಗ್ 1933ರ ಜುಲೈಯಲ್ಲಿ ಪ್ಯಾರಿಸ್ಸಿನಲ್ಲಿ ವಿಧಿಪೂರ್ವಕವಾಗಿ ಯೆಹೂದಿ ಧರ್ಮಕ್ಕೆ ಮರಳಿದರು.

ಸರ್ಕಾರದ ಸಂಬಳ ಇಲ್ಲದವರಿಗೆ ಎರಡನೇ ಬಲೆ ಬೀಸಿದ್ದು 1933ರ ಸೆಪ್ಟೆಂಬರ್ 22ರ ಸಂಸ್ಕೃತಿ ಮಂಡಳಿ ಕಾಯ್ದೆ. ಸಾಹಿತ್ಯ, ಸಂಗೀತ, ರಂಗಭೂಮಿ, ಚಿತ್ರ–ಶಿಲ್ಪ, ಪತ್ರಿಕೆ, ರೇಡಿಯೊ, ಸಿನಿಮಾ ಹೀಗೆ ಏಳು ಮಂಡಳಿಗಳು. ಸದಸ್ಯತ್ವ ಇಲ್ಲದೆ ಸಂಗೀತ ಕಛೇರಿ ನೀಡುವಂತಿಲ್ಲ, ಚಿತ್ರ ಮಾರುವಂತಿಲ್ಲ. ಕಾಯ್ದೆಯಲ್ಲಿ ‘ಯೆಹೂದಿ’ ಎಂಬ ಪದವನ್ನು ಹುಡುಕಿದರೆ ಸಿಗುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನವೆಂಬರ್ 1ರ ನಿಯಮಾವಳಿಯ 10ನೇ ಕಲಂ ಹೇಳಿದ್ದು ಇಷ್ಟೇ: ಬೇಕಾದ ‘ವಿಶ್ವಾಸಾರ್ಹತೆ ಮತ್ತು ಅರ್ಹತೆ’ ಇಲ್ಲದವರಿಗೆ ಸದಸ್ಯತ್ವ ನಿರಾಕರಿಸಬಹುದು. ಯೆಹೂದಿ ಕಲಾವಿದರನ್ನು ಹೊರಹಾಕುವ ಕಾಗದವನ್ನು ಅಂಚೆಯಲ್ಲಿ ಕಳಿಸಲು ಈ ಎರಡು ಪದಗಳೇ ಸಾಕಾದವು. ಹೆಂಡತಿ ಅಥವಾ ಗಂಡ ಯೆಹೂದಿಯಾಗಿದ್ದವರಿಗೂ ಆಮೇಲಾಮೇಲೆ ಅದೇ ಗತಿಯಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾಜಿಗಳು ‘ರಕ್ತ’, ‘ಜನಾಂಗ’ ಎಂದು ಎಷ್ಟೇ ಕೂಗಿದರೂ ರಕ್ತವನ್ನು ಅಳೆಯುವ ಉಪಕರಣ ಅವರ ಬಳಿ ಇರಲಿಲ್ಲ. ಅವರು ಕೇಳಿದ್ದು ಕಾಗದ. ಆರ್ಯ ಮೂಲದ ಸಾಮಾನ್ಯ ಪುರಾವೆಗೆ ಅರ್ಜಿದಾರನದು, ತಂದೆ–ತಾಯಿಯದು, ನಾಲ್ವರು ಅಜ್ಜ–ಅಜ್ಜಿಯರದು ಎಂದು ಏಳು ಜನನ ಅಥವಾ ದೀಕ್ಷಾಸ್ನಾನದ (ಕ್ರೈಸ್ತ ಧರ್ಮಕ್ಕೆ ಸೇರಿಸುವ ವಿಧಿಯ) ಪತ್ರಗಳು ಬೇಕು. ಅವುಗಳ ಜೊತೆಗೆ ಮೂರು ಮದುವೆ ಪತ್ರಗಳು. ಇಡೀ ಜರ್ಮನಿಗೆ ಸರ್ಕಾರಿ ಜನನ ನೋಂದಣಿ ಕಡ್ಡಾಯವಾದದ್ದು 1876ರ ಜನವರಿಯಿಂದ. ಅದಕ್ಕೂ ಹಿಂದೆ ಹುಟ್ಟಿದ ಅಜ್ಜ–ಅಜ್ಜಿಯರಿಗೆ ಹೆಚ್ಚಾಗಿ ಉಳಿದ ದಾಖಲೆ ಚರ್ಚಿನ ಅಥವಾ ಯೆಹೂದಿ ಧರ್ಮಸಭೆಯ ಪುಸ್ತಕ ಮಾತ್ರ. ನ್ಯೂರೆಂಬರ್ಗ್ ಜನಾಂಗ ಕಾಯ್ದೆಗಳಡಿ 1935ರ ನವೆಂಬರ್ 14ರಂದು ಬಂದ ನಿಯಮವೂ ಇದನ್ನೇ ಗಟ್ಟಿ ಮಾಡಿತು: ಧರ್ಮಸಭೆಗೆ ಸೇರಿದ್ದ ಅಜ್ಜ ‘ಪೂರ್ಣ ಯೆಹೂದಿ’. ತಾನು ಯಾವ ದೇವರನ್ನು ನಂಬುತ್ತೇನೆ ಎಂದು ಕಲಾವಿದ ಹೇಳುವ ಮಾತಿಗೆ ಬೆಲೆ ಇರಲಿಲ್ಲ. ಅವನ ಅಜ್ಜಿ ಯಾವ ಪುಸ್ತಕದಲ್ಲಿ ಹೆಸರು ಬರೆಸಿದ್ದಳು ಎಂಬುದೇ ಅವನ ಅನ್ನವನ್ನು ನಿರ್ಧರಿಸಿತು. ಕಲೆಯ ಇತಿಹಾಸ ಬರೆಯುವವರು ಎಲ್ಲಕ್ಕಿಂತ ಹೆಚ್ಚು ವಿವರವಾಗಿ ಹೇಳಬೇಕಾದದ್ದು ಇದನ್ನೇ.

ಸಂಗೀತ ಮಂಡಳಿಯ ಮೊದಲ ಅಧ್ಯಕ್ಷರು ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್, ಉಪಾಧ್ಯಕ್ಷರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಯೆಹೂದಿ ಲೇಖಕ ಸ್ಟೆಫಾನ್ ಜ್ವೈಗ್ ಅವರಿಗೆ ಸ್ಟ್ರಾಸ್ ಬರೆದ ಕಾಗದ ಗೆಸ್ಟಾಪೊ ಎಂಬ ನಾಜಿ ಗುಪ್ತ ಪೊಲೀಸರ ಕೈಗೆ ಸಿಕ್ಕಿ, 1935ರ ಜುಲೈಯಲ್ಲಿ ಸ್ಟ್ರಾಸ್ ರಾಜೀನಾಮೆ ಕೊಡಬೇಕಾಯಿತು. ಮೈಸೂರಿನವರು ಹೆಮ್ಮೆಯಿಂದ ನೆನೆಯುವ ಒಂದು ಕಛೇರಿಯಲ್ಲಿ ಈ ಎರಡೂ ಹೆಸರುಗಳಿವೆ: 1950ರ ಮೇ 22ರಂದು ಲಂಡನ್ನಿನಲ್ಲಿ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಸ್ತುತಿ. ಹಾಡಿದವರು ಕರ್ಸ್ಟೆನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವರು ಫುರ್ಟ್‌ವೆಂಗ್ಲರ್, ಹಣಕಾಸಿನ ಬೆಂಬಲ ಜಯಚಾಮರಾಜೇಂದ್ರ ಒಡೆಯರ್ ಅವರದು. ಆ ಕಛೇರಿಯ ಬಗ್ಗೆ ಬರೆಯುವಾಗ 1933ರ ಹುದ್ದೆಗಳನ್ನೂ ಒಂದು ಸಾಲಿನಲ್ಲಾದರೂ ಹೇಳುವುದು ಓದುಗರಿಗೆ ಮಾಡುವ ನ್ಯಾಯ.

ಕೆಲಸ ಕಳೆದುಕೊಂಡವರಿಗಾಗಿ ಕುರ್ಟ್ ಸಿಂಗರ್ ಮತ್ತು ಕುರ್ಟ್ ಬೌಮನ್ 1933ರ ಬೇಸಿಗೆಯಲ್ಲಿ ಬರ್ಲಿನ್ನಿನಲ್ಲಿ ಕಟ್ಟಿದ ಸಂಸ್ಕೃತಿ ಸಂಘದ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ. ಸರ್ಕಾರದ ಷರತ್ತುಗಳು ಸ್ಪಷ್ಟವಾಗಿದ್ದವು: ಕಲಾವಿದರೂ ಯೆಹೂದಿಗಳೇ, ಪ್ರೇಕ್ಷಕರೂ ಯೆಹೂದಿ ಸದಸ್ಯರೇ, ಸುದ್ದಿ ಯೆಹೂದಿ ಪತ್ರಿಕೆಗಳಲ್ಲಿ ಮಾತ್ರ, ಪ್ರತಿ ಕಾರ್ಯಕ್ರಮಕ್ಕೂ ಹಾನ್ಸ್ ಹಿಂಕೆಲ್ ಎಂಬ ಅಧಿಕಾರಿಯ ಮುಂಗಡ ಒಪ್ಪಿಗೆ. ಅಕ್ಟೋಬರ್ 1ರಂದು ಅವರು ಮೊದಲು ಆಡಿದ್ದು ಮೂರು ಧರ್ಮಗಳ ಸಹಬಾಳ್ವೆಯ ನಾಟಕ, ಲೆಸ್ಸಿಂಗರ ‘ನಾಥಾನ್’. ಆಮೇಲೆ ಅವರು ಆಡಬಹುದಾದ, ನುಡಿಸಬಹುದಾದ ಕೃತಿಗಳ ಪಟ್ಟಿ ಕಿರಿದಾಗುತ್ತ ಹೋಯಿತು. ಷಿಲ್ಲರ್ ನಿಷಿದ್ಧ, ನಂತರ ಗಯಟೆ, 1937ರಲ್ಲಿ ಬೀಥೋವನ್, ಆಸ್ಟ್ರಿಯಾವನ್ನು ನುಂಗಿದ 1938ರಲ್ಲಿ ಮೊಜಾರ್ಟ್. ಜರ್ಮನ್ ಸಾಹಿತ್ಯ, ಸಂಗೀತ ‘ಅವರದ್ದಲ್ಲ’ ಎಂಬುದೇ ಕಾರಣ. 1935ರಲ್ಲಿ ಸಂಘದ ಹೆಸರಿನಿಂದಲೇ ‘ಜರ್ಮನ್’ ಪದ ತೆಗೆಸಿದ್ದರು. 1941ರ ಸೆಪ್ಟೆಂಬರ್ 11ರಂದು ಸಂಘವನ್ನೇ ಮುಚ್ಚಿಸಿದರು. ಸಿಂಗರ್ 1944ರಲ್ಲಿ ಥೆರೇಸಿಯೆನ್‌ಸ್ಟಾಟ್ ಶಿಬಿರದಲ್ಲಿ ತೀರಿಕೊಂಡರು.

ಸತ್ತವರನ್ನೂ ಬಿಡಲಿಲ್ಲ. ಯೆಹೂದಿ ಕುಟುಂಬದಲ್ಲಿ ಹುಟ್ಟಿ, ಏಳನೇ ವಯಸ್ಸಿಗೇ, 1816ರಲ್ಲಿ, ದೀಕ್ಷಾಸ್ನಾನ ಪಡೆದ ಸಂಗೀತ ರಚನೆಕಾರ ಫೆಲಿಕ್ಸ್ ಮೆಂಡೆಲ್ಸನ್, ಮರೆತುಹೋಗಿದ್ದ ಬಾಖ್ ಅವರ ಮತ್ತಾಯನ ಪ್ಯಾಶನ್ ಎಂಬ ಕ್ರೈಸ್ತ ಗಾಯನಕೃತಿಯನ್ನು 1829ರಲ್ಲಿ ಬರ್ಲಿನ್ನಿನಲ್ಲಿ ಮತ್ತೆ ಕೇಳಿಸಿದವರು. ಲೈಪ್ಜಿಗ್‌ನಲ್ಲಿದ್ದ ಅವರ ಪ್ರತಿಮೆಯನ್ನು 1936ರ ನವೆಂಬರ್ 9–10ರ ರಾತ್ರಿ, ಮೇಯರ್ ಕಾರ್ಲ್ ಗೋರ್ಡೆಲರ್ ಪ್ರವಾಸದಲ್ಲಿದ್ದಾಗ, ಉಪಮೇಯರ್ ತೆಗೆಸಿಹಾಕಿದರು. ಗೋರ್ಡೆಲರ್ ಹುದ್ದೆ ಬಿಟ್ಟರು. ಪ್ರತಿಮೆಯ ಪ್ರತಿರೂಪ ಮತ್ತೆ ನಿಂತದ್ದು 2008ರಲ್ಲಿ, ಬಾಖ್ ದುಡಿದ ಸಂತ ಥಾಮಸ್ ಚರ್ಚಿನ ಎದುರು.

ಶೈಲಿಗೆ ಕೊಟ್ಟ ಶಿಕ್ಷೆ, ಹುಟ್ಟಿಗೆ ಕೊಟ್ಟ ಶಿಕ್ಷೆ ಎರಡನ್ನೂ ಬೆರೆಸಿದರೆ ಇಂದಿಗೂ ತೊಂದರೆಯಾಗುವುದು ಆಸ್ತಿಯ ಪ್ರಶ್ನೆಯಲ್ಲಿ. ‘ಕುಲಗೆಟ್ಟ’ ಕೃತಿಗಳ ಮುಟ್ಟುಗೋಲನ್ನು 1938ರ ಮೇ 31ರ ಕಾಯ್ದೆ ಪರಿಹಾರವಿಲ್ಲದೆ ಸಕ್ರಮಗೊಳಿಸಿತು. ಯುದ್ಧದ ನಂತರವೂ ಆ ಮಾರಾಟಗಳನ್ನು ರದ್ದು ಮಾಡಲಿಲ್ಲ. ಹಾಗಾಗಿ ಮಾನ್‌ಹೈಮ್ ಮ್ಯೂಸಿಯಂನಿಂದ ಹೋದ ಶಗಾಲ್ ಅವರ ರಬ್ಬಿಯ ಚಿತ್ರ, 1939ರ ಲ್ಯೂಸರ್ನ್ ಹರಾಜಿನ ನಂತರ, ಬಾಸೆಲ್‌ನಲ್ಲೇ ಇದೆ. ಯೆಹೂದಿ ಕುಟುಂಬಗಳ ಮನೆಯಿಂದ ಕಿತ್ತುಕೊಂಡ ಅಥವಾ ಒತ್ತಾಯಕ್ಕೆ ಮಾರಿಸಿದ ಕೃತಿಗಳದು ಬೇರೆ ದಾರಿ: 44 ದೇಶಗಳು 1998ರ ಡಿಸೆಂಬರ್ 3ರಂದು ಒಪ್ಪಿದ ವಾಷಿಂಗ್‌ಟನ್ನಿನ 11 ತತ್ವಗಳು. ಇಂಥ ಚಿತ್ರವೊಂದರ ಬಗ್ಗೆ ಬರೆಯುವವರು ಮೊದಲು ನೋಡಬೇಕಾದದ್ದು 1933ರ ಜನವರಿಯಲ್ಲಿ ಅದು ಮ್ಯೂಸಿಯಂನದೋ ಖಾಸಗಿಯವರದೋ ಎಂಬುದನ್ನು. ಖಾಸಗಿಯದಾದರೆ, 1945ರವರೆಗೆ ಯಾರಿಂದ ಯಾರಿಗೆ ಹೋಯಿತು, ಮಾರಿದ ಹಣ ಮಾಲೀಕರ ಕೈಗೆ ನಿಜವಾಗಿ ಬಂತೋ, ತೆಗೆಯಲಾಗದ ಖಾತೆಯಲ್ಲಿ ಉಳಿಯಿತೋ ಎಂದು ಕೇಳಬೇಕು. ಮ್ಯೂಸಿಯಂನದಾದರೆ, ನಾಜಿಗಳೇ ಟೈಪ್ ಮಾಡಿಸಿದ 16,000ಕ್ಕೂ ಹೆಚ್ಚು ನಮೂದುಗಳ ಪಟ್ಟಿಯ ಪ್ರತಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ಅಂತರ್ಜಾಲದಲ್ಲೂ ಸಿಗುತ್ತದೆ. ಅದರಲ್ಲಿ ವಿ ಅಕ್ಷರವೆಂದರೆ ಮಾರಿದ್ದು, ಟಿ ಎಂದರೆ ಅದಲುಬದಲು ಮಾಡಿದ್ದು, ಎಕ್ಸ್ ಎಂದರೆ ನಾಶಮಾಡಿದ್ದು. ಖಾಸಗಿಯವರು ಎರವಲು ಕೊಟ್ಟ ಚಿತ್ರಗಳೂ ಮ್ಯೂಸಿಯಂಗಳಲ್ಲಿ ಸಿಕ್ಕಿಬಿದ್ದಿದ್ದವು. ಅವನ್ನು ಮ್ಯೂಸಿಯಂನದೇ ಎಂದುಕೊಳ್ಳುವುದು ಸಾಮಾನ್ಯವಾಗಿ ಆಗುವ ಎಡವಟ್ಟು.

ಮುಂದಿನ ಭಾನುವಾರದ ಸಂಚಿಕೆಯಲ್ಲಿ, 112 ಕಲಾವಿದರಲ್ಲಿ ಯೆಹೂದಿಗಳು ಆರು ಮಂದಿ ಎಂಬ ತಿದ್ದುಪಡಿಯನ್ನೂ, ಅವರನ್ನು ಹೊರಹಾಕಿದ ಆದೇಶಗಳ ತಾರೀಕುಗಳು 1933ರವು ಎಂಬುದನ್ನೂ ದಯವಿಟ್ಟು ಪ್ರಕಟಿಸಿ.

– ಇತಿಹಾಸ ಅಧ್ಯಾಪಕರು, ಮೈಸೂರು