ಲೋಹ ತೆಗೆಯುವ ಮಾತ್ರೆ ಬಗ್ಗೆ

ಮೆದುಳಿನ ಲೋಹ ತೆಗೆದರೆ ಅಲ್ಜೈಮರ್ ವಾಸಿ ಅನ್ನುವ ಸಂದೇಶ ನಿನ್ನೆಯಿಂದ ಮೂರು ಸಲ ಬಂದಿದೆ, ದಯವಿಟ್ಟು ಇನ್ನು ಕಳಿಸಬೇಡಿ. ಯೋಚನೆ ಪೂರ್ತಿ ಸುಳ್ಳೇನಲ್ಲ. ರೋಗಿಗಳ ಮೆದುಳಲ್ಲಿ ಗಂಟುಕಟ್ಟುವ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಒಳಗೆ ತಾಮ್ರ, ಸತು, ಕಬ್ಬಿಣ ಜಾಸ್ತಿ ಇರುತ್ತದೆ, ಅದನ್ನು ಹಿಡಿದೆಳೆಯುವ ಔಷಧಿ ಕೊಟ್ಟರೆ ಗಂಟು ಸಡಿಲವಾಗಬಹುದು ಅಂತ ವಿಜ್ಞಾನಿಗಳೇ ಅಂದುಕೊಂಡಿದ್ದರು. 1991ರಲ್ಲಿ 48 ರೋಗಿಗಳ ಒಂದು ಪ್ರಯೋಗದಲ್ಲಿ ಲೋಹ ಹಿಡಿದೆಳೆಯುವ ಡೆಸ್ಫೆರಿಯಾಕ್ಸಮಿನ್ ಇಂಜೆಕ್ಷನ್ ಪಡೆದವರಿಗೆ ಕಾಯಿಲೆ ನಿಧಾನವಾದಂತೆ ಕಂಡಿತ್ತು. ಆದರೆ ಈಚೆಗೆ ರೋಗಿಗಳಿಗೆ ಡೆಫೆರಿಪ್ರೋನ್ ಅನ್ನುವ ಕಬ್ಬಿಣ ತೆಗೆಯುವ ಮಾತ್ರೆ ಕೊಟ್ಟು ನೋಡಿದಾಗ ಮೆದುಳಿನ ಕಬ್ಬಿಣವೇನೋ ಕಮ್ಮಿಯಾಯಿತು, ಜೊತೆಗೆ ಮೆದುಳಿನ ಚುರುಕೂ ಬೇಗ ಕುಸಿಯಿತು! ಹೋಲಿಕೆಗೆ ಅಂತ ಸುಮ್ನೆ ಔಷಧಿಯಿಲ್ಲದ ಮಾತ್ರೆ ನುಂಗಿದವರ ಚುರುಕು ಅಷ್ಟು ಬೇಗ ಕುಸಿಯಲಿಲ್ಲ. ಮೆದುಳಿಗೂ ಕಬ್ಬಿಣ ಬೇಕಲ್ವಾ. ಮನೆಯಲ್ಲಿ ಯಾರಿಗಾದರೂ ಈ ಲೋಹ ತೆಗೆಯುವ ಮಾತ್ರೆ ಶುರು ಮಾಡಿದ್ದರೆ ಇವತ್ತೇ ನರರೋಗ ಡಾಕ್ಟರಿಗೆ ತಿಳಿಸಿ, ಮಾತ್ರೆ ಚೀಟಿನೂ ತೋರಿಸಿ.