ಆಟದೊಳಗಿನ ಕ್ರಾಫ್ಟಿಂಗ್‌ನಿಂದ ಲಾಭ ಇದೆಯಾ? ಮಂಜ್ಯಾನಿಗೊಂದು ಪತ್ರ

ಲೇ ಮಂಜ್ಯಾ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ನಾವು ಆಡುವ ಆಲ್ಬಿಯನ್ ಆನ್‌ಲೈನ್ ಗೇಮ್‌ನಲ್ಲಿ ಕ್ರಾಫ್ಟಿಂಗ್ (ಕಚ್ಚಾ ಮಾಲಿನಿಂದ ವಸ್ತು ಮಾಡಿ ಮಾರುವುದು) ಸತ್ತೇ ಹೋಯಿತು, ಇನ್ನು ಬರೀ ಹೊಡೆದಾಟ ಅಂತ ಬೈದಿದ್ದೀಯ. ವಾಟ್ಸ್ಯಾಪಿನಲ್ಲಿ ಉತ್ತರ ಬರೆಯಲು ಕೂತರೆ ಮುಗಿಯಲೇ ಇಲ್ಲ. ನಮ್ಮಂಥ ಇನ್ನೂ ನಾಲ್ಕು ಜನ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ, ಸಿಟ್ಟಾಗಬೇಡ.

ನೀನು ಹೇಳಿದ್ದರಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದೇ: 'ಬಟ್ಟೆಗೆ ಹಾಕುವ ನಾರು ನಾನೇ ಕಿತ್ತು ತಂದದ್ದು, ಅದಕ್ಕೇನು ಖರ್ಚು?' 2003ರಿಂದ ನಡೆಯುತ್ತಿರುವ ಈವ್ ಆನ್‌ಲೈನ್ ಅನ್ನುವ ಇನ್ನೊಂದು ಗೇಮ್‌ನಲ್ಲೂ ಹೊಸಬರದು ಇದೇ ಮಾತು, ಅದಿರು ನಾನೇ ಅಗೆದಿದ್ದು, ಅದು ಪುಕ್ಕಟೆ ಅಂತ. ಬ್ಯಾಡಗಿಯವನಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾ? ಹೊಲದ ಮೆಣಸಿನಕಾಯಿ ಕುಟ್ಟಿಸಿ ಪುಡಿ ಮಾರಿದರೆ ನಿಮ್ಮಪ್ಪ ಕಾಯಿಯನ್ನು ಪುಕ್ಕಟೆ ಅಂತ ಹಿಡಿಯುತ್ತಾರಾ? ಅವತ್ತಿನ ಯಾರ್ಡಿನ ರೇಟು ಹಿಡಿದೇ ಲೆಕ್ಕ ಹಾಕುತ್ತಾರೆ. ಕಾಯಿ ಮಾರಿದ್ದರೇ ಜಾಸ್ತಿ ಬರುತ್ತಿತ್ತು ಅಂದರೆ ಕುಟ್ಟಿಸಿದ್ದು ನಷ್ಟ.

ಈಗ ನಿನ್ನ ಬಟ್ಟೆಯ ಲೆಕ್ಕ ನೋಡು. 1,000 ಸಿಲ್ವರ್ (ಆಟದ ದುಡ್ಡು) ಬೆಲೆಯ ಕಚ್ಚಾ ಮಾಲು ಇದೆ ಅಂದುಕೋ. ಆಟದ ದೊಡ್ಡ ಊರುಗಳಾದ ರಾಯಲ್ ಸಿಟಿಗಳಲ್ಲಿ ಯಾವುದೋ ಒಂದರಲ್ಲಿ ಸುಮ್ನೆ ರಿಫೈನ್ ಮಾಡಿದರೆ, ಅಂದರೆ ನಾರನ್ನು ಬಟ್ಟೆ ಮಾಡಿದರೆ, ಸರಾಸರಿ 15.2% ಮಾಲು ವಾಪಸ್ ಬರುತ್ತದೆ. ಅಂದರೆ ನಿನ್ನ ಅಸಲು 848. ನಾರಿಗೆ ಬೋನಸ್ ಇರುವ ಊರು ಲಿಮ್‌ಹರ್ಸ್ಟ್, ಅಲ್ಲಿ ಮಾಡಿದರೆ 36.7% ವಾಪಸ್, ಅಸಲು 633. ಅಲ್ಲೇ ಫೋಕಸ್ (ದಿನಕ್ಕಿಷ್ಟು ಅಂತ ಸಿಗುವ ಅಂಕ) ಹಾಕಿ ಮಾಡಿದವನಿಗೆ 53.9% ವಾಪಸ್, ಅಸಲು 461ಕ್ಕೆ ಇಳಿಯುತ್ತದೆ. ಆ ಬಟ್ಟೆ ಮಾರ್ಕೆಟ್‌ನಲ್ಲಿ 700ಕ್ಕೆ ಹೋಗುತ್ತಿದೆ ಅಂತ ಇಟ್ಟುಕೊಂಡರೆ, ಪ್ರೀಮಿಯಂ (ಆಟದ ವಿಶೇಷ ಸದಸ್ಯತ್ವ) ಇದ್ದವನಿಗೂ 4% ತೆರಿಗೆ, ಮೇಲೆ ಮಾರುವ ಆರ್ಡರ್ ಹಾಕಿದ್ದಕ್ಕೆ 2.5%, ಎಲ್ಲ ಕಳೆದು ಕೈಗೆ ಬರುವುದು 654. (ಪ್ರೀಮಿಯಂ ಇಲ್ಲದಿದ್ದರೆ ತೆರಿಗೆಯೇ 8%, ಆ ಕಥೆ ಬಿಡು.) ಫೋಕಸ್ ಇಲ್ಲದ ಲಿಮ್‌ಹರ್ಸ್ಟ್‌ನವನಿಗೆ ರಿಫೈನ್ ಮಾಡುವ ಅಂಗಡಿಯ ಬಾಡಿಗೆ ಕೊಟ್ಟರೆ ಚಹಾದ ಕಾಸು ಉಳಿದರೆ ಹೆಚ್ಚು. ಫೋಕಸ್‌ನವನಿಗೆ ಚೆನ್ನಾಗಿ ಉಳಿಯುತ್ತದೆ. ನೀನು ಮಾರ್ಟ್‌ಲಾಕ್‌ನಲ್ಲಿ ಕೂತು ಬಟ್ಟೆ ಮಾಡುತ್ತೀಯ ಮಾರಾಯ, ಅದು ಚರ್ಮದ ಊರು!

ಹಾಗಾಗಿ ಕ್ರಾಫ್ಟಿಂಗ್ ಸತ್ತಿಲ್ಲ. ಎಲ್ಲರ ಕೈಗೂ ಸಿಗುವ ಲಾಭ ಮಾತ್ರ ಉಳಿದಿಲ್ಲ, ಯಾಕಂದರೆ ಎಲ್ಲರೂ ಮಾಡಬಹುದಾದದ್ದನ್ನು ಎಲ್ಲರೂ ಮಾಡಿ ರೇಟು ಬೀಳಿಸಿ ಇಟ್ಟಿರುತ್ತಾರೆ. ಲಾಭ ಉಳಿದಿರುವುದು ಕಡಿಮೆ ಸಿಗುವುದರಲ್ಲಿ. ಫೋಕಸ್ ದಿನಕ್ಕೆ 10,000 ಮಾತ್ರ, 30,000 ತುಂಬಿದರೆ ಅಲ್ಲಿಗೇ ನಿಂತುಹೋಗುತ್ತದೆ. ಇನ್ನೊಂದು ಕಡಿಮೆ ಇರುವುದು ಧೈರ್ಯ. ಕೇರ್ಲಿಯನ್ ಅನ್ನುವ ಊರಿನ ಬ್ಲ್ಯಾಕ್ ಮಾರ್ಕೆಟ್ ನಾವು ಮಾಡಿದ ಮಾಲನ್ನೇ ಕೊಂಡು, ರಾಕ್ಷಸರನ್ನು ಕೊಂದವರಿಗೆ ಸಿಗುವ ಹಾಗೆ ಮಾಡುತ್ತದೆ. ಅಲ್ಲಿ ರೇಟು ಚೆನ್ನಾಗಿರುವುದು ಸುಮ್ನೆ ಅಲ್ಲ, ದಾರಿಯಲ್ಲಿ ಮಾಲು ಹೊತ್ತ ಎತ್ತಿನ ಸಮೇತ ಲೂಟಿ ಆಗುವ ಭಯ ಇದೆ.

ಇನ್ನು ಹೊಡೆದಾಟದವರನ್ನು ಬೈಯಬೇಡ, ನಮ್ಮ ಗಿರಾಕಿಗಳೇ ಅವರು. ಬ್ಲ್ಯಾಕ್ ಜೋನ್ ಅನ್ನುವ ಅಪಾಯದ ಜಾಗದಲ್ಲಿ ಸತ್ತರೆ ಮೈಮೇಲಿದ್ದದ್ದೆಲ್ಲ ಹೋಗುತ್ತದೆ, ಅದರಲ್ಲಿ ಒಂದಿಷ್ಟು ಯಾರಿಗೂ ಸಿಗದೆ ಪುಡಿಯಾಗುತ್ತದೆ. ಆ ಪುಡಿಯಾದದ್ದಕ್ಕೇ ನಾಳೆ ಮತ್ತೆ ಬೇಡಿಕೆ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನುವ ಗೇಮ್‌ನಲ್ಲಿ ಇದು ಉಲ್ಟಾ: ಜನ ಬಿಲ್ಲು ಮಾಡುವುದೇ ಅನುಭವದ ಅಂಕಕ್ಕೆ, ನಷ್ಟವಾದರೂ ಮಾಡುತ್ತಲೇ ಇರುತ್ತಾರೆ. ಯ್ಯೂ ಲಾಂಗ್‌ಬೋ ಅನ್ನುವ ಬಿಲ್ಲು ಕೊಳ್ಳುವವರು ಹೆಚ್ಚಾಗಿ ಅದನ್ನು ಹೈ ಆಲ್ಕೆಮಿ ಅನ್ನುವ ಮಂತ್ರದಿಂದ 768 ನಾಣ್ಯ ಮಾಡಿಕೊಳ್ಳುವವರೇ. ಕೈಯಿಂದ ದುಡ್ಡು ಹಾಕಿ ಕೆಲಸ ಮಾಡುವವರ ಜೊತೆ ನೀನು ರೇಟಿನಲ್ಲಿ ಹೇಗೆ ಪೈಪೋಟಿ ಮಾಡುತ್ತೀಯ?

ಗಂಟೆಗೆ ಇಷ್ಟು ಸಿಲ್ವರ್ ಅಂತಲೇ ನೋಡಿದರೆ ಹೊಡೆದಾಟದವರು ನಮಗಿಂತ ಜಾಸ್ತಿ ಗಳಿಸಬಹುದು, ಒಪ್ಪುತ್ತೇನೆ. ಆದರೆ ನಮ್ಮ ಕೆಲಸ ಎಷ್ಟು ಹೊತ್ತಿನದು? ಆಲ್ಬಿಯನ್ 2021ರಲ್ಲಿ ಮೊಬೈಲಿಗೆ ಬಂದ ಮೇಲೆ ನಾನು ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತಿ ಫೋಕಸ್ ಖಾಲಿ ಮಾಡಿ, ಮಾಲಿಗೆ ಆರ್ಡರ್ ಹಾಕಿ ಮುಗಿಸುವಷ್ಟರಲ್ಲಿ ನವನಗರ ದಾಟಿರುವುದಿಲ್ಲ. ಜೊತೆಗೆ ನಾನು ಮಾಡಿದ ಬಿಲ್ಲಿನಲ್ಲಿ ನನ್ನ ಹೆಸರು ಇರುತ್ತದಲ್ಲ, ಅದನ್ನು ಗುರುತು ಪರಿಚಯ ಇಲ್ಲದವನೊಬ್ಬ ಹಿಡಿದು ಓಡಾಡುವುದು ನನಗಂತೂ ಖುಷಿ. ಅದಕ್ಕೆ ಸಿಲ್ವರ್ ಲೆಕ್ಕ ಕೇಳಬೇಡ.

ಈಗ ಮಾಡಬೇಕಾದದ್ದು ಇಷ್ಟೇ. ಉಗ್ರಾಣದಲ್ಲಿ ಇಟ್ಟುಕೊಂಡಿರುವ ನಾರನ್ನು ಲಿಮ್‌ಹರ್ಸ್ಟ್‌ಗೆ ಸಾಗಿಸು, ಒಂದೇ ಸಲ ಎಲ್ಲವನ್ನೂ ಹೇರಬೇಡ. ಒಂದೇ ಬಗೆಯ ಬಟ್ಟೆ ಹಿಡಿದು ಸ್ಪೆಷಲೈಸೇಷನ್ (ಆ ಕೆಲಸದ ಪರಿಣತಿಯ ಮಟ್ಟ) ಏರಿಸು, ಅದು ಏರಿದಂತೆ ಫೋಕಸ್ ಖರ್ಚು ಇಳಿಯುತ್ತದೆ. ಅಲ್ಲಿಯ ನಾರಿನ ರೇಟು, ಬಟ್ಟೆಯ ರೇಟು ಎರಡನ್ನೂ ನನಗೆ ಕಳಿಸು. ನಾರಿನ ರೇಟೇ ಚೆನ್ನಾಗಿದ್ದರೆ ಬಟ್ಟೆ ಮಾಡಲೇಬೇಡ, ಹಾಗೇ ಮಾರಿಬಿಡು.

ನಿನ್ನ ದೋಸ್ತ,
ಹುಬ್ಬಳ್ಳಿಯವನು